ಬಿಳಿ ಕಾಲಿನ ನೊಣಕ್ಕೆ ನಾನು ಬರೆದ ಚೀಟಿ

ಕಮಲಾಪುರದ ನೊಣದ ಕಥೆಯನ್ನು ನಮ್ಮ ಪ್ರಯೋಗಾಲಯದಲ್ಲಿ ಈಗ ಎಲ್ಲರೂ ಒಂದೇ ಥರ ಹೇಳುತ್ತಾರೆ. ಹೊಸಬರು ಯಾರಾದರೂ ಬಂದರೆ ಅದನ್ನು ನಡೆಸುವ ಸರ್ ಕಪಾಟಿನಿಂದ ಮಾದರಿಗಳ ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟು ಶುರು ಮಾಡುತ್ತಾರೆ. ಗೊಬ್ಬರದ ಗುಂಡಿಯಲ್ಲಿ ಎದ್ದ ಒಂದು ನಿರುಪದ್ರವಿ ನೊಣವನ್ನು ಊರವರು ವಿಷದ ಹುಳ ಎಂದು ತಿಳಿದು ಹೆದರಿದರು, ನಮ್ಮ ಹುಡುಗಿ ಅದನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಹೆಸರು ಹಿಡಿದಳು, ಅಂಜಿಕೆ ಹೋಯಿತು. ಕೇಳಿದವರು ತಲೆದೂಗುತ್ತಾರೆ. ಮೌಢ್ಯದ ಎದುರು ವಿಜ್ಞಾನ ಗೆದ್ದ ಕಥೆ ಯಾರಿಗೆ ಬೇಡ?

ಆ ಹುಡುಗಿ ನಾನು. ನನಗೆ ಈ ಕಥೆಯ ಮೇಲೆ ತಕರಾರಿದೆ. ಊರವರು ತಾವಾಗಿ ಹೆದರಲಿಲ್ಲ. ಹೆದರಿಸಿದ ಕಾಗದ ನಮ್ಮದು, ಅದರ ಮೇಲಿನ ಅಕ್ಷರ ನನ್ನದು. ಅಂಜಿಕೆ ಹೋಯಿತು ಅನ್ನುವುದು ನಿಜ. ಅದರ ಜೊತೆ ಇನ್ನೇನು ಹೋಯಿತು ಅನ್ನುವುದನ್ನು ಸರ್ ಹೇಳುವುದಿಲ್ಲ. ಇಷ್ಟು ದಿನ ನಾನೂ ಹೇಳಿಲ್ಲ.

ನಮ್ಮದು ಕುಸನೂರಿನ ಒಂದು ಬಾಡಿಗೆ ಮನೆಯ ಮಾಳಿಗೆಯ ಮೇಲಿರುವ ಸಣ್ಣ ಖಾಸಗಿ ಪ್ರಯೋಗಾಲಯ. ರೈತರು, ವ್ಯಾಪಾರಿಗಳು ಹುಳದ ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಒಂದು ತಾಸಿನೊಳಗೆ ಉತ್ತರ ಹೋಗಬೇಕು. ಅದಕ್ಕೆಂದೇ ಛಾಪಿಸಿದ ಚೀಟಿಗಳಿವೆ. ಮೇಲೆ ಮೂರು ಚೌಕ: ಖಚಿತ, ಬಹುಶಃ, ತಿಳಿಯದು. ಒಂದಕ್ಕೆ ಗುರುತು ಹಾಕಿ, ಕೆಳಗೆ ಹುಳದ ಹೆಸರು ಮತ್ತು ಮಾಡಬೇಕಾದದ್ದನ್ನು ಬರೆದು, ಮೊಹರು ಒತ್ತಿ, ಆ ಚೀಟಿಯ ಫೋಟೊ ತೆಗೆದು ಕಳಿಸುವುದು ನನ್ನ ಕೆಲಸ.

ಎರಡನೆಯ ಚೌಕಕ್ಕೆ ನಾನು ಗುರುತು ಹಾಕಿದ್ದು ಅಪರೂಪ. ಕಾಲೇಜಿನ ದಿನಗಳಿಡೀ ಚರ್ಚಾಸ್ಪರ್ಧೆಯ ವೇದಿಕೆ ಹತ್ತಿದವಳು ನಾನು. ಅಲ್ಲಿ ನಮ್ಮ ಬಾಯಿಂದ ಮೊದಲು ಬಿಡಿಸುವ ಪದವೇ 'ಬಹುಶಃ'. ಅದನ್ನು ಅಂದಿರೋ, ಎದುರಾಳಿ ಅಲ್ಲೇ ಕೈ ಹಾಕುತ್ತಾನೆ, ತೀರ್ಪುಗಾರರು ಅಂಕ ಕತ್ತರಿಸುತ್ತಾರೆ. ದೇವರು, ದೆವ್ವ, ಜ್ಯೋತಿಷ್ಯ, ಎಲ್ಲದರ ಮೇಲೂ ಸಂಶಯಪಟ್ಟವಳು ನನ್ನ ಆ ಒಂದು ಚಟದ ಮೇಲೆ ಮಾತ್ರ ಸಂಶಯಪಟ್ಟಿರಲಿಲ್ಲ.

ಅವತ್ತು ಸೋಮವಾರ, ಮಧ್ಯಾಹ್ನ ಊಟದ ಹೊತ್ತು. ಕಮಲಾಪುರದ ಬಾಳೆ ಮಂಡಿಯ ಸಾಹುಕಾರರಿಂದ ಫೋಟೊ ಬಂತು. ಕೆಂಬಾಳೆ ಕೊಂಡು, ಹಣ್ಣು ಮಾಡಿ, ಹೊರಗೆ ಕಳಿಸುವವರು. ನಮ್ಮ ಹಳೆಯ ಗಿರಾಕಿ. ಸುಣ್ಣ ಬಳಿದ ಗೋಡೆಯ ಮೇಲೆ ಪಕ್ಕಕ್ಕೆ ತಿರುಗಿ ಕೂತ ಒಂದು ಕಪ್ಪು ಹುಳ. ಉದ್ದನೆಯ ಮೈ, ಮುಂದಕ್ಕೆ ಚಾಚಿದ ಮೀಸೆ, ಸಾಕ್ಸು ಹಾಕಿದಂತೆ ಬಿಳಿ ಪಾದ. ನಡು ಮಾತ್ರ ದಾರದಷ್ಟು ಸಣ್ಣ. ಫೋಟೊ ಸ್ಪಷ್ಟವಾಗಿತ್ತು. ಇದನ್ನು ಯಾಕೆ ಹೇಳುತ್ತಿದ್ದೇನೆ ಅನ್ನುವುದು ಮುಂದೆ ತಿಳಿಯುತ್ತದೆ.

ಹಿಂದೆಯೇ ಫೋನೂ ಬಂತು.

"ಮೇಡಂ, ನಮ್ಮ ಮೊಮ್ಮಗಗ ಕಡದದ. ಕಣ್ಣಿನ ರೆಪ್ಪಿ ಬಾತು ಲಿಂಬಿಕಾಯಿ ಆಗ್ಯಾದ. ಈಗ ದವಾಖಾನಿಂದ ಬಂದೀವಿ. ಹಿಂದ ಗೊಬ್ಬರದ ಗುಂಡ್ಯಾಗ ಇವು ರಗಡ ಆಗ್ಯಾವ. ಏನಿದು, ಜರಾ ಜಲ್ದಿ ಹೇಳ್ರಿ."

"ಕಡಿಯೋದು ನೋಡಿದವರು ಯಾರರ ಅದಾರೇನ್ರೀ?" ಎಂದೆ.

"ನೋಡೋದೇನದ? ಕೂಸು ಚೀರಿತು, ಓಡಿ ಬಂದೆವು. ಗ್ವಾಡಿ ಮ್ಯಾಲ ಇದು ಕುಂತಿತ್ತು."

ಅಷ್ಟರಲ್ಲಿ ಫೋನಿನ ಆಚೆ, ದೂರದಿಂದ ಒಬ್ಬ ಹೆಂಗಸಿನ ದನಿ ಬಂತು. "ಅದು ಕಚ್ಚಂಗಿಲ್ರೀ ಸಾವ್ಕಾರ್ರ. ಅದಕ ಬಾಯೇ ಇಲ್ಲ. ಮೇಡಮ್ಮಾರಿಗಿ ಹೇಳ್ರಿ, ಬಾಯೇ ಇಲ್ಲ ಅದಕ."

"ಅದ್ಯಾರ್ರೀ?" ಎಂದು ಕೇಳಿದೆ.

"ಗೊಬ್ಬರ ಮಾಡಾಕಿ. ಆಚಿ ಓಣ್ಯಾಕಿ. ನೀವು ಹೇಳ್ರಿ."

ನಾನು ಹೇಳಿದೆ. ಒಬ್ಬರ ಅನುಭವ ಪುರಾವೆಯಲ್ಲ, ಅದರಲ್ಲೂ ಗುಂಡಿ ಉಳಿದರೆ ಲಾಭವಾಗುವವರ ಅನುಭವ. ಚರ್ಚೆಯಲ್ಲಿ ನೂರು ಸಲ ಬಳಸಿದ ವಾದ. ಸಣ್ಣ ನಡು, ಉದ್ದ ಮೀಸೆ, ಬಾತ ರೆಪ್ಪೆ. ಮೂರೂ ಒಂದೇ ಕಡೆ ಬೆರಳು ತೋರಿಸುತ್ತಿದ್ದವು. ಚೀಟಿ ತೆಗೆದು ಮೊದಲ ಚೌಕಕ್ಕೆ ಗುರುತು ಹಾಕಿದೆ. 'ಕಣಜದ ಜಾತಿ. ಕುಟುಕುತ್ತದೆ. ಮಕ್ಕಳನ್ನು ದೂರವಿಡಿ. ಮೂಲ ನಾಶ ಮಾಡಿ.' ಸರ್ ಊಟದ ಡಬ್ಬಿಯಿಂದ ತಲೆ ಎತ್ತದೆ, "ಆತೇನು?" ಎಂದರು. ಆಯಿತು ಎಂದೆ. ಎಲ್ಲ ಸೇರಿ ಹತ್ತು ನಿಮಿಷ.

ಬುಧವಾರ ಬೆಳಿಗ್ಗೆ ಮೆಟ್ಟಿಲು ಹತ್ತಿ ಒಬ್ಬ ಹೆಂಗಸು ಬಂದಳು. ನಲವತ್ತರ ಆಸುಪಾಸು, ಮೊಣಕೈವರೆಗೆ ಗೊಬ್ಬರದ ಕಪ್ಪು ಹಿಡಿದ ಗೆರೆಗಳು, ಕೈಯಲ್ಲಿ ಮುಚ್ಚಳಕ್ಕೆ ಅರಿವೆ ಕಟ್ಟಿದ ಸ್ಟೀಲಿನ ಡಬ್ಬಿ. ಕಮಲಾಪುರದಿಂದ ಮೊದಲ ಬಸ್ಸಿಗೆ ಹೊರಟು, ಸೂಪರ್ ಮಾರ್ಕೆಟಿನ ಸ್ಟಾಪಿನಲ್ಲಿ ಇಳಿದು, ಟಂಟಂ ಆಟೊ ಹಿಡಿದು ಬಂದಿದ್ದಳು. ದನಿ ಕೇಳಿದ ಕೂಡಲೇ ಗುರುತು ಸಿಕ್ಕಿತು.

"ಈ ಚೀಟಿ ಬರದಾರಲ್ಲ, ಯಾರ್ರೀ ಅವ್ರು?" ಎಂದು ಫೋನು ಮುಂದೆ ಹಿಡಿದಳು. ನನ್ನ ಚೀಟಿಯ ಫೋಟೊ. ಆಕೆಯ ಓಣಿಯ ಗುಂಪಿನಲ್ಲೂ ಬಂದಿತ್ತು.

"ನಾನೇ."

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಅಯ್ಯ ತಂಗಿ, ನಾ ಯಾರೋ ದೊಡ್ಡ ಮೀಸಿ ಅಪ್ಪ ಇರಬೇಕಂತ ತಿಳಕೊಂಡಿದ್ದೆ. ಅವತ್ತ ಫೋನಿನ್ಯಾಗ ನಾ ಅಷ್ಟು ಒದರಿದೆನಲ್ಲ, ಬಾಯಿಲ್ಲ ಬಾಯಿಲ್ಲ ಅಂತ. ನಿನಗ ಕೇಳಿಸ್ಲಿಲ್ಲೇನು?"

"ಇಲ್ಲಕ್ಕಾ," ಎಂದೆ. "ಕೇಳಿಸಲಿಲ್ಲ."

ಯೋಚಿಸಿ ಹೇಳಿದ ಸುಳ್ಳಲ್ಲ. ಎದುರಾಳಿಯ ಪ್ರಶ್ನೆಗೆ ತಕ್ಷಣ ಬಾಗಿಲು ಹಾಕುವ ರೂಢಿ ಅಷ್ಟೆ. ಆಕೆ ಫೋನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಹೋಗ್ಲಿ ಬಿಡು. ಈಗರ ನೋಡು," ಎಂದು ಡಬ್ಬಿಯ ಅರಿವೆ ಸರಿಸಿ, ಒಳಗಿನಿಂದ ಒಂದು ಕಪ್ಪು ಹುಳವನ್ನು ಬೆರಳ ಸಂದಿಯಲ್ಲಿ ಹಿಡಿದು ತೆಗೆದು, ಕಣ್ಣು ಮುಚ್ಚಿ, ತನ್ನ ರೆಪ್ಪೆಯ ಮೇಲೆ ಬಿಟ್ಟುಕೊಂಡಳು. ಹುಳ ರೆಪ್ಪೆಯ ಮೇಲಿಂದ ಹುಬ್ಬಿಗೆ, ಹುಬ್ಬಿನಿಂದ ಹಣೆಗೆ ನಡೆಯಿತು. ಹಣೆಯ ಮೇಲೆ ನಿಂತು ರೆಕ್ಕೆ ಮಡಚಿಕೊಂಡಿತು.

ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ. "ಅಕ್ಕಾ, ಒಂದು ಸಲ ಕಡೀಲಿಲ್ಲ ಅಂದ್ರ ಕಡಿಯೋದೇ ಇಲ್ಲ ಅಂತಲ್ಲ."

ಆಕೆ ಕಣ್ಣು ಬಿಟ್ಟಳು. "ಒಂದು ಸಲ? ಎರಡು ವರ್ಷ ಆತವ್ವ, ಹಗಲೆಲ್ಲ ಇವುಗಳ ನಡುವ ಕುಂದ್ರತೀನಿ. ಇವುಗಳ ಹುಳಾ ಬರಿಗೈಲೆ ತೆಗದು ಕೋಳಿಗಿ ಹಾಕ್ತೀನಿ. ಈಗ ನಿನ್ನ ಚೀಟಿ ಬಂತು, ಮಂಗಳವಾರ ಒಂದು ಗುಂಡಿಗಿ ಸುಣ್ಣ ಸುರದು ಮುಚ್ಚಿದ್ರು. ಇನ್ನೊಂದು ಉಳದದ. ಅದೂ ಹೋತಂದ್ರ ನಾವು ಮೂರು ಮಂದಿ ಹೆಣ್ಮಕ್ಕಳು ಮನೀಗಿ. ಸಾವ್ಕಾರ ಕೆಟ್ಟವನಲ್ಲ. ಜಾಗಾ ಆತಂದೇ, ಬಾಳಿ ಕಸಾನೂ ಆತಂದೇ. ಆದ್ರ ಮೊಮ್ಮಗನ ಮಾರಿ ನೋಡಿದ್ರ ಆತಂಗೂ ಧೈರ್ಯ ಬರಬೇಕಲ್ಲ. ನನ್ನ ಮಾತು ಆತ ನಂಬಂಗಿಲ್ಲ. ನಿನ್ನ ಚೀಟಿ ನಂಬ್ತಾನ."

ಡಬ್ಬಿ ಬಿಟ್ಟು ಹೋದಳು. "ನೋಡಿ ಆದ ಮ್ಯಾಲ ಡಬ್ಬಿ ವಾಪಸ್ ಕೊಡು ತಂಗಿ, ಅಕ್ಕಿ ಅಳಿಯೋ ಡಬ್ಬಿ ಅದು."

ಆಕೆ ಮೆಟ್ಟಿಲಿಳಿದ ಮೇಲೆ ಒಂದು ಹುಳವನ್ನು ಶೀಷೆಗೆ ಹಾಕಿ ಫ್ರಿಜ್ಜಿನ ತಣ್ಣಗಿನ ಖಾನೆಯಲ್ಲಿಟ್ಟೆ. ಅಲುಗಾಟ ನಿಂತ ಮೇಲೆ ಪಿನ್ನು ಚುಚ್ಚಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ. ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ರೆಕ್ಕೆ ಎಷ್ಟು? ಕಣಜಕ್ಕೆ ನಾಲ್ಕು, ನೊಣಕ್ಕೆ ಎರಡು. ಮೊದಲ ವಾರ ಕಲಿಸುವ ಪಾಠ. ಫೋಟೊದಲ್ಲಿ ರೆಕ್ಕೆಗಳು ಒಂದರ ಮೇಲೊಂದು ಮಡಚಿದ್ದವು, ಎಣಿಸಲು ಬರುತ್ತಿರಲಿಲ್ಲ. ಎಣಿಸಲು ಬರದಿದ್ದರೆ 'ತಿಳಿಯದು' ಎಂದು ಬರೆಯಬಹುದಿತ್ತು. ನಾನು ನಾಲ್ಕು ಎಂದು ಊಹಿಸಿಕೊಂಡಿದ್ದೆ.

ಸೂಜಿಯಿಂದ ರೆಕ್ಕೆ ಎತ್ತಿದೆ. ಕೆಳಗೆ ಇನ್ನೊಂದು ಜೊತೆ ಇರಲಿಲ್ಲ. ಅದಿರಬೇಕಾದ ಜಾಗದಲ್ಲಿ ಎರಡು ಸಣ್ಣ ಬಿಳಿ ಗುಬುಟುಗಳು, ಹಲಗೆ ಬಾರಿಸುವ ಕಡ್ಡಿಯ ತುದಿಯಂತೆ ಸಣ್ಣ ತೊಟ್ಟಿನ ಮೇಲೆ ನಿಂತಿದ್ದವು. ಹಾರುವಾಗ ತೂಕ ಸರಿತೂಗಿಸಲು ನೊಣಗಳಿಗೆ ಮಾತ್ರ ಇರುವ ಅಂಗ. ಎರಡು ರೆಕ್ಕೆ. ನೊಣ. ಇನ್ನು ವಾದಿಸಲು ಏನೂ ಉಳಿದಿರಲಿಲ್ಲ.

ಹಾಗಾದರೆ ಆ ಸಣ್ಣ ನಡು? ಹುಳವನ್ನು ಪಕ್ಕಕ್ಕೆ ತಿರುಗಿಸಿದೆ. ನಡು ಸಣ್ಣದಿರಲೇ ಇಲ್ಲ. ಹೊಟ್ಟೆಯ ಬುಡದಲ್ಲಿ ಎರಡು ಪಾರದರ್ಶಕ ಕಿಂಡಿಗಳಿದ್ದವು, ಗಾಜು ಕೂರಿಸಿದಂತೆ. ಕೆಳಗೆ ಬಿಳಿ ಕಾಗದವಿಟ್ಟರೆ ಕಿಂಡಿಯೊಳಗಿಂದ ಬಿಳಿ ಕಾಣುತ್ತದೆ, ನಡುವೆ ಉಳಿದ ಕಪ್ಪು ಗೆರೆ ಸಣ್ಣ ನಡುವಿನಂತೆ ತೋರುತ್ತದೆ. ಸಾಹುಕಾರರ ಗೋಡೆಗೆ ಸುಣ್ಣ ಬಳಿದಿತ್ತು. ನಾನು ಕಂಡ ನಡು ಗೋಡೆಯದು.

ಹೆಸರು ಹಿಡಿಯಲು ಮತ್ತೊಂದು ದಿನ ಬೇಕಾಯಿತು. ಬಿಳಿ ಪಾದ, ತಲೆಯ ಎರಡರಷ್ಟು ಉದ್ದದ ಮೀಸೆ, ಕೊನೆಯ ಗೆಣ್ಣು ಎಲೆಯಂತೆ ಚಪ್ಪಟೆ. ರೆಕ್ಕೆಯ ನರಗಳು ಮುಂದಿನ ಅಂಚಿಗೆ ಒತ್ತಿಕೊಂಡಿವೆ, ನಡುಮಧ್ಯೆ ಒಂದು ಪುಟ್ಟ ಮುಚ್ಚಿದ ಕೋಣೆ. ಇವೆಲ್ಲ ಸೈನಿಕ ನೊಣಗಳ ಮನೆತನಕ್ಕೆ ಒಯ್ದವು. ಆದರೆ ನನಗೆ ನೆನಪಿದ್ದ ಚಿತ್ರಗಳಲ್ಲಿ ಆ ಮನೆತನದ ನೊಣಗಳ ಬೆನ್ನಿನ ತುದಿಯಲ್ಲಿ ಎರಡು ಮುಳ್ಳುಗಳಿದ್ದವು. ಇದರಲ್ಲಿ ಮುಳ್ಳಿಲ್ಲ. ಬೆಳಕು ಬದಲಿಸಿದೆ, ಕೋನ ಬದಲಿಸಿದೆ, ಮುರಿದಿರಬಹುದೆಂದು ಇನ್ನೂ ಮೂರು ಹುಳ ನೋಡಿದೆ. ಯಾವುದಕ್ಕೂ ಇಲ್ಲ. ಸೋಮವಾರದ ನಾನಾಗಿದ್ದರೆ ಮುರಿದಿದೆ ಎಂದೇ ಬರೆಯುತ್ತಿದ್ದೆ. ಈ ಸಲ ಗುರುತಿನ ಪಟ್ಟಿಯನ್ನು ಮೊದಲ ಸಾಲಿನಿಂದ ಓದಿದೆ. ಮುಳ್ಳಿಲ್ಲದ ಕವಲು ಬೇರೆಯೇ ಇತ್ತು; ಹೊಟ್ಟೆಯ ಕಿಂಡಿ ಅಲ್ಲಿ ಹೆಸರು ಹಿಡಿದು ಕೂತಿತ್ತು. ಹರ್ಮೇಶಿಯಾ ಇಲ್ಯೂಸೆನ್ಸ್. ಕಪ್ಪು ಸೈನಿಕ ನೊಣ. ಮರಿಹುಳ ಕೊಳೆತದ್ದನ್ನು ತಿನ್ನುತ್ತದೆ. ದೊಡ್ಡದಾದ ಮೇಲೆ ಕೆಲವೇ ದಿನ ಬದುಕುತ್ತದೆ. ಕುಟುಕುವ ಕೊಂಡಿ ಇಲ್ಲ. ಕಚ್ಚುವ ಬಾಯಿ ಇಲ್ಲ.

ಅಕ್ಕ ಹೇಳಿದ್ದು ಅದನ್ನೇ.

ಸರ್ ಕನ್ನಡಕ ಏರಿಸಿ ನೋಡಿ, "ಹೌದು, ಅದೇ," ಎಂದರು. "ಆದ್ರ ಸಾವ್ಕಾರ ಕೇಳ್ತಾನ. ಗುಂಡ್ಯಾಗಿನ ಹುಳಾ ಇದೇ ನೊಣ ಆಗ್ತದಂತ ಏನು ಗ್ಯಾರಂಟಿ? ಅದು ಬ್ಯಾರೆ, ಇದು ಬ್ಯಾರೆ ಇರಬಹುದಲ್ಲ? ಬೆಳಸಿ ತೋರಸು."

ಸರಿಯಾದ ಮಾತು. ಡಬ್ಬಿಯಲ್ಲಿ ಅಕ್ಕ ತಂದ ಕಂದು ಬಣ್ಣದ, ಚಪ್ಪಟೆ, ತೊಗಲಿನಂಥ ಮೈಯ ಹುಳುಗಳಿದ್ದವು. ಗಾಜಿನ ಭರಣಿಗೆ ಬಾಳೆಸಿಪ್ಪೆ, ಅದರ ಮೇಲೆ ಹುಳು ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ, ರಬ್ಬರು ಬ್ಯಾಂಡು ಬಿಗಿದೆ. ಮರುದಿನ ಬೆಳಿಗ್ಗೆ ಭರಣಿ ಖಾಲಿ. ಕೋಶಕ್ಕೆ ಹೋಗುವ ಮುಂಚೆ ಈ ಹುಳುಗಳು ಒಣ ಜಾಗ ಹುಡುಕಿ ಮೇಲಕ್ಕೆ ಹತ್ತುತ್ತವೆ. ಒದ್ದೆ ಗಾಜಿನ ಮೇಲೂ ಹತ್ತುತ್ತವೆ, ಬಟ್ಟೆಯ ಅಂಚಿನಲ್ಲೂ ನುಸುಳುತ್ತವೆ. ಓದಿ ತಿಳಿಯದಿದ್ದದ್ದನ್ನು ನೆಲ ಗುಡಿಸಿ ತಿಳಿದೆ. ಮೇಜಿನ ಕೆಳಗೆ, ರಿಜಿಸ್ಟರಿನ ಸಂದಿಯಲ್ಲಿ, ಕೊನೆಗೆ ಸರ್ ಅವರ ಚಪ್ಪಲಿಯಲ್ಲಿ.

"ಇವೂ ನಿನ್ನಂಗ ನೋಡು," ಎಂದರು ಸರ್ ಚಪ್ಪಲಿ ಕೊಡವುತ್ತ. "ಮುಚ್ಚಳ ಹಾಕಿದ್ರ ಸುಮ್ನ ಕುಂದ್ರಂಗಿಲ್ಲ."

ಸಿಕ್ಕವನ್ನು ಆರಿಸಿದೆ: ಹತ್ತೊಂಬತ್ತು. ಒಣ ಕಟ್ಟಿಗೆಪುಡಿ ಹಾಕಿದ ಹೊಸ ಭರಣಿ, ಜಾಳಿಗೆ ಮುಚ್ಚಳ. ಒಂದು ದಿನ ಕಳೆದಿತ್ತು.

ಶನಿವಾರ ಕಮಲಾಪುರಕ್ಕೆ ಹೋದೆ. ಮಂಡಿಯ ಹಿಂದೆ ತಗಡಿನ ಶೆಡ್ಡು, ಪಕ್ಕದಲ್ಲಿ ಸುಣ್ಣ ಬಿದ್ದ ಗುಂಡಿ. ಬಿಳಿ ಹೆಪ್ಪಿನ ಮೇಲೆ ಸಾವಿರಾರು ಹುಳುಗಳು ಸೆಟೆದುಕೊಂಡು ಬಿದ್ದಿದ್ದವು. ಎರಡನೆಯ ಗುಂಡಿಯಲ್ಲಿ ಜೀವವಿತ್ತು. ಗೊನೆಯ ದಿಂಡು, ಬಿರಿದ ಕೆಂಪು ಸಿಪ್ಪೆ, ಒಳಗಿಂದ ಸಣ್ಣ ಮಳೆಯಂಥ ಸದ್ದು. ಅಕ್ಕ ಗುಂಡಿಯ ದಂಡೆಗೆ ಕೂತು ಕೈಯಿಂದ ಮಗುಚುತ್ತಿದ್ದಳು. ಶೆಡ್ಡಿನ ಬಾಗಿಲಿಗೆ ನನ್ನ ಚೀಟಿಯನ್ನು ದೊಡ್ಡದಾಗಿ ಛಾಪಿಸಿ, ಪ್ಲಾಸ್ಟಿಕ್ ಹೊದಿಸಿ, ಮೊಳೆ ಹೊಡೆದಿದ್ದರು. ಖಚಿತದ ಗುರುತು ದೂರಕ್ಕೂ ಕಾಣುತ್ತಿತ್ತು.

ಸಾಹುಕಾರರು ಮನೆಯ ಪಡಸಾಲೆಯಲ್ಲಿ ಕೂರಿಸಿ ಚಹಾ ತರಿಸಿದರು. ಮೊಮ್ಮಗ ಜೋಕಾಲಿಯಲ್ಲಿ ಕೂತಿದ್ದ. ರೆಪ್ಪೆ ಇಳಿದಿತ್ತು, ಹಸಿರು ಕಲೆ ಉಳಿದಿತ್ತು. ನಾನು ಪಿನ್ನಿನ ನೊಣ ತೋರಿಸಿದೆ, ಎರಡು ರೆಕ್ಕೆ ತೋರಿಸಿದೆ, ಹೊಟ್ಟೆಯ ಕಿಂಡಿ ತೋರಿಸಿದೆ. "ಹಂಗಾದ್ರ ಕೂಸಿಗಿ ಕಡದದ್ದು ಯಾವುದ್ರೀ?" ಎಂದರು.

"ಅವತ್ತು ಎಲ್ಲಿ ಕುಂತಿದ್ದ?"

"ಇಲ್ಲೇ. ಜೋಕಾಲ್ಯಾಗ."

ಹುಡುಗನನ್ನು ಇಳಿಸಿ, ನೆಲಕ್ಕೆ ಬಗ್ಗಿ ಜೋಕಾಲಿಯ ಮಣೆಯ ಕೆಳಗೆ ನೋಡಿದೆ. ಕಾಗದದಂಥ ಬೂದು ಗೂಡು, ಬೆರಳೆಣಿಕೆಯ ಕೋಣೆಗಳು, ಮೇಲೆ ಎರಡು ಹಳದಿ-ಕಂದು ಕಣಜ. ನಿಜವಾದ ಸಣ್ಣ ನಡು. ಮಣೆ ಜೋರಾಗಿ ತೂಗಿದರೆ ಅವು ಏಳುತ್ತವೆ.

ಒಳಗೊಳಗೇ ನಾನು ಹಿಗ್ಗಿದೆ. ವಾದ ಪೂರ್ಣವಾಗಿತ್ತು. ಸಾಹುಕಾರರು ಆಳನ್ನು ಕರೆದು ಗೂಡು ಸುಡಿಸಿದರು. ಆಮೇಲೆ ತಣ್ಣಗೆ ಹೇಳಿದರು, "ಅದೂ ಇರಬಹುದು ಮೇಡಂ. ಇದೂ ಇರಬಹುದು. ಕಡಿಯೋದು ನಾನೂ ನೋಡಿಲ್ಲ, ನೀವೂ ನೋಡಿಲ್ಲ."

"ಆದ್ರ ಇದಕ ಕೊಂಡೀನೇ ಇಲ್ರೀ!"

"ಇದಕ ಇಲ್ಲ. ಗುಂಡ್ಯಾಗ ಇರೋವೆಲ್ಲ ಇದೇನಾ? ತೋರಸ್ರಿ." ನಾನು ಬಾಯಿ ತೆರೆಯುವ ಮೊದಲೇ ಮುಂದುವರಿಸಿದರು. "ನೀವು ಭಾಳ ಚಂದ ಮಾತಾಡ್ತೀರಿ. ಇವತ್ತು ನೀವೇ ಗೆದ್ರಿ. ಸೋಮವಾರನೂ ನೀವೇ ಗೆದ್ದಿದ್ರಿ. ನಾ ಯಾವ ಮೇಡಮ್ಮನ್ನ ನಂಬಬೇಕು, ಹೇಳ್ರಿ?"

ವೇದಿಕೆಯ ಮೇಲೆ ಯಾರೂ ನನ್ನನ್ನು ಹಾಗೆ ನಿಲ್ಲಿಸಿರಲಿಲ್ಲ.

ಹೊರಗೆ ಅಕ್ಕ ಕಾಯುತ್ತಿದ್ದಳು. ಒಳಗಿನ ಮಾತೆಲ್ಲ ಕೇಳಿಸಿಕೊಂಡಿದ್ದಳು. ಬಾಗಿಲವರೆಗೆ ಬಂದು ಸಾಹುಕಾರರಿಗೆ, "ಹತ್ತು ದಿನ ಬಿಡ್ರಿ. ಹುಳಾ ನೊಣ ಆಗೋದು ಕಣ್ಣಲೆ ನೋಡ್ರಿ," ಎಂದಳು. ಅವರು ಒಪ್ಪಿದರು. ಹತ್ತು ದಿನ ಆದ ಮೇಲೆ ಓಣಿಯವರಿಗೆ ತಾವು ಉತ್ತರ ಹೇಳಬೇಕು, ಆಮೇಲೆ ತಮ್ಮ ಕೈಲಿಲ್ಲ ಎಂದರು.

ಬಸ್ಸಿನಲ್ಲಿ ಕೂತು ಬರುವಾಗ ತೀರ್ಮಾನ ಮಾಡಿದೆ. ನೊಣ ಹುಟ್ಟುವವರೆಗೆ ಕಾಯಬಾರದು. ಮೊದಲು ಬಾಗಿಲ ಮೇಲಿನ ಆ ಕಾಗದ ಇಳಿಯಬೇಕು. ಇಳಿಸಬೇಕಾದರೆ ಅದು ಸುಳ್ಳು ಎಂದು ಬರೆದವಳೇ ಬರೆಯಬೇಕು.

ಸೋಮವಾರ ಎರಡನೆಯ ಚೀಟಿ ಬರೆದು ಸರ್ ಮುಂದೆ ಇಟ್ಟೆ. 'ನನ್ನ ಮೊದಲ ಉತ್ತರ ತಪ್ಪು. ಇದು ಕಣಜವಲ್ಲ, ನೊಣ. ಕುಟುಕುವುದಿಲ್ಲ.' ಕೆಳಗೆ ನನ್ನ ಪೂರ್ತಿ ಹೆಸರು. ಸರ್ ಓದಿ ಪೆನ್ನು ಕೆಳಗಿಟ್ಟರು.

"ತಪ್ಪು ಅಂತ ಯಾರರ ಬರಿತಾರೇನು? 'ಹೆಚ್ಚಿನ ಪರಿಶೀಲನೆಯ ನಂತರ' ಅಂತ ಬರಿ."

"ಮೊದಲು ಪರಿಶೀಲನೆ ಮಾಡಿದ್ರ ತಾನೇ ಸರ್, ಹೆಚ್ಚಿನದು ಅನ್ನಲಿಕ್ಕೆ?"

"ನನ್ನ ಕೂಡ ಚರ್ಚಾಸ್ಪರ್ಧಿ ಮಾಡಬ್ಯಾಡ. ಈ ಚೀಟಿ ನೋಡಿ ನಾಳಿ ಹತ್ತು ಮಂದಿ ತಮ್ಮ ಹಳೇ ಚೀಟಿ ಹಿಡಕೊಂಡು ಬರ್ತಾರ."

"ಬರ್ಲಿ ಬಿಡ್ರಿ. ನೋಡೋಣು."

ಅರ್ಧ ತಾಸು ಜಗಳವಾಯಿತು. ಕೊನೆಗೆ ರಾಜಿ. 'ತಪ್ಪು' ಎಂಬ ಪದ ಉಳಿಯಿತು, ಹೆಸರೂ ಉಳಿಯಿತು. ನಡುವೆ ಸರ್ ಒಂದು ಮಾತು ಸೇರಿಸಿದರು: 'ಫೋಟೊ ಅಸ್ಪಷ್ಟವಾಗಿದ್ದ ಕಾರಣ'. ನಾನು ತಲೆಯಾಡಿಸಿದೆ. ಫೋಟೊ ಸ್ಪಷ್ಟವಾಗಿತ್ತು ಎಂದು ನಾನು ಮೊದಲೇ ಹೇಳಿದ್ದೇನೆ. ಆ ಮೂರು ಪದಗಳ ಮೇಲೂ ಮೊಹರು ಬಿತ್ತು.

ಚೀಟಿ ಹೋಯಿತು. ಆದರೆ ಮೊದಲನೆಯದು ಓಣಿಯಿಂದ ಓಣಿಗೆ ಹೋದ ವೇಗದಲ್ಲಿ ಇದು ಹೋಗಲಿಲ್ಲ. ಹೆದರಿಸುವ ಕಾಗದವನ್ನು ಮಂದಿ ಮುಂದೆ ಕಳಿಸುತ್ತಾರೆ. ಏನೂ ಇಲ್ಲ ಎನ್ನುವ ಕಾಗದವನ್ನು ಓದಿ ಬಿಡುತ್ತಾರೆ. ಶೆಡ್ಡಿನ ಬಾಗಿಲಿಗೆ ಎರಡನ್ನೂ ಅಕ್ಕಪಕ್ಕ ಹೊಡೆದರಂತೆ. ಅಕ್ಕ ಫೋನು ಮಾಡಿ, "ಮಂದಿ ಎರಡೂ ಓದ್ತಾರ ತಂಗಿ, ಮೊದಲನೇದು ನಂಬ್ತಾರ," ಎಂದು ನಕ್ಕಳು.

ಭರಣಿಯ ಮುಂದೆ ಕೂತೆ. ಹುಳುಗಳು ಕಪ್ಪಗಾಗಿ, ಸೆಟೆದು, ಅಲುಗುವುದು ನಿಲ್ಲಿಸಿದವು. ಕೋಶವೋ, ಸಾವೋ ಹೊರಗಿನಿಂದ ತಿಳಿಯುವುದಿಲ್ಲ. ನಾಲ್ಕಕ್ಕೆ ಬೂಷ್ಟು ಬಂತು, ತೆಗೆದೆ. ಅಕ್ಕನ ಫೋನು ದಿನಾ ಸಂಜೆ. "ಹುಟ್ಟಿದವೇನು?" "ಇಲ್ಲಕ್ಕಾ." "ಥಂಡಿ ಇಟ್ಟೀಯೇನು? ಬೆಚ್ಚಗ ಇಡು. ಕುಕ್ಕರಿನ ಬಾಜೂಕ ಇಡು." ಪ್ರಯೋಗಾಲಯದಲ್ಲಿ ಕುಕ್ಕರಿರಲಿಲ್ಲ, ಬಲ್ಬು ಹಚ್ಚಿಟ್ಟೆ. ಏಳನೇ ದಿನ ಆಕೆ ಬೇರೆ ಮಾತು ಹೇಳಿದಳು. "ಇವು ಬಾಳಿದಿಂಡಿನ್ಯಾಗೇ ಹುಟ್ಟತಾವ ತಂಗಿ, ಕೆಂಬಾಳಿ ದಿಂಡಿನ್ಯಾಗ ಇರ್ತಾವ." ಅದು ತಪ್ಪು; ನೊಣ ಹೊರಗಿನಿಂದ ಬಂದು ಒಣ ಸಂದಿಯಲ್ಲಿ ಮೊಟ್ಟೆ ಇಡುತ್ತದೆ. ತಿದ್ದಲು ಬಾಯಿ ತೆರೆದೆ. ತಿದ್ದಲಿಲ್ಲ. ಆಕೆಯ ಒಂದು ತಪ್ಪಿನಿಂದ ಯಾರ ಗುಂಡಿಗೂ ಸುಣ್ಣ ಬಿದ್ದಿರಲಿಲ್ಲ.

ಒಂಬತ್ತನೇ ದಿನ ಸಾಹುಕಾರರಿಗೆ ಫೋನು ಮಾಡಿ ಇನ್ನೂ ನಾಲ್ಕು ದಿನ ಕೇಳಿದೆ.

"ನೀವು ಹತ್ತು ಅಂದಿದ್ರಿ."

"ಅಕ್ಕ ಅಂದಿದ್ರು ರೀ. ನಾನು ಹೂಂ ಅಂದೆ. ಹವಾ ಮ್ಯಾಲ ಹೆಚ್ಚು ಕಡಿಮಿ ಆಗ್ತದ."

"ಹವಾ ಮ್ಯಾಲ ಹೆಚ್ಚು ಕಡಿಮಿ ಆಗ್ತದಂದ್ರ, ಖಚಿತ ಅಂತ ಹ್ಯಾಂಗ ಬರದ್ರಿ ಮೇಡಂ?" ದನಿಯಲ್ಲಿ ಕುಹಕವಿರಲಿಲ್ಲ. ದಣಿದಿದ್ದರು. "ಮೂರು ಮನಿಯವ್ರು ದಿನಾ ಬಾಗಿಲಿಗಿ ಬರಾಕತ್ತಾರ. ಸಂತಿ ಕಸಾ ಬಂದು ಬಿತ್ತಂದ್ರ ಮತ್ತ ಹುಳಾ ಆಗ್ತಾವ. ನಾ ಮಾತು ಕೊಟ್ಟೀನಿ."

ಹತ್ತನೇ ದಿನ ಗುಂಡಿ ಮುಚ್ಚಿದರು.

ಹನ್ನೆರಡನೇ ದಿನ ಬೆಳಿಗ್ಗೆ ಬೀಗ ತೆಗೆದು ಒಳಗೆ ಬಂದರೆ ಭರಣಿಯ ಗಾಜಿಗೆ ಒಂದು ಕಪ್ಪು ನೊಣ ಆತು ಕೂತಿತ್ತು. ಬಿಳಿ ಪಾದ, ಹೊಟ್ಟೆಯ ಕಿಂಡಿಯೊಳಗಿಂದ ಆಚೆಯ ಕಿಟಕಿಯ ಬೆಳಕು. ಮಧ್ಯಾಹ್ನಕ್ಕೆ ಆರು, ಮರುದಿನಕ್ಕೆ ಹದಿಮೂರು. ಒಂದೂ ಬೇರೆ ಜಾತಿಯದಲ್ಲ. ಸರ್ ಫೋಟೊ ತೆಗೆದರು. ಈಗ ಬಂದವರಿಗೆಲ್ಲ ತೋರಿಸುವ ಫೋಟೊ ಅದೇ.

ಭರಣಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕಮಲಾಪುರಕ್ಕೆ ಹೋದೆ. ಪಕ್ಕದಲ್ಲಿ ಕೂತ ಅಜ್ಜ, "ಜೇನೇನವ್ವಾ?" ಎಂದು ಕೇಳಿದ. ನೊಣ ಎಂದೆ. "ನೊಣ ಕಟಗೊಂಡು ಊರೂರು ತಿರಗತೀ?" ಎಂದು ಆಚೆ ಸರಿದು ಕೂತ.

ಸಾಹುಕಾರರು ಭರಣಿ ನೋಡಿದರು. ಮುಚ್ಚಳ ತೆಗೆಯಲು ಹೇಳಿ, ತಾವೇ ಕೈ ಒಳಗೆ ಹಾಕಿದರು. ಒಂದು ನೊಣ ಉಂಗುರದ ಬೆರಳ ಮೇಲೆ ಹತ್ತಿ ನಿಂತಿತು. ಅವರು ಮಗುವಿನಂತೆ ನಕ್ಕರು. "ಹೌದಲ್ಲ! ಏನೂ ಮಾಡಂಗಿಲ್ಲ ಪಾಪ." ಮೊಮ್ಮಗನನ್ನೂ ಕರೆದು ತೋರಿಸಿದರು.

"ಮತ್ತ ಗುಂಡಿ?" ಎಂದೆ.

ಅವರು ನನ್ನನ್ನು ಹಿಂದೆ ಕರೆದುಕೊಂಡು ಹೋದರು. ಶೆಡ್ಡಿನ ಪಕ್ಕ ಹೊಸ ಫರ್ಶಿ ಕಲ್ಲು ಹಾಸಿದ್ದರು, ಸಂದಿಗಳ ಸಿಮೆಂಟು ಇನ್ನೂ ಹಸಿಯಾಗಿತ್ತು. ಅದರ ಮೇಲೆ ಬಾಳೆಯ ಕ್ರೇಟುಗಳು. "ಈಗ ಹಾಸಿ ಆಗ್ಯಾದ ಮೇಡಂ. ಕೀಳಿಸಲಿಕ್ಕೆ ಆಗಂಗಿಲ್ಲ. ಮುಂದಿನ ವರ್ಷ ನೋಡೋಣು." ಮಂಡಿಯ ಕಸ ಎಲ್ಲಿ ಹೋಗುತ್ತದೆ ಎಂದು ಕೇಳಿದೆ. ಹೆದ್ದಾರಿಯ ಬದಿಗೆ ಎಂದರು. ಶೆಡ್ಡಿನ ಬಾಗಿಲಲ್ಲಿ ಎರಡನೆಯ ಚೀಟಿ ಇರಲಿಲ್ಲ, ಗಾಳಿಗೆ ಹೋಗಿರಬೇಕು. ಮೊದಲನೆಯದಕ್ಕೆ ಪ್ಲಾಸ್ಟಿಕ್ ಹೊದಿಸಿದ್ದರಲ್ಲ, ಅದು ಹಾಗೇ ಇತ್ತು. ಮೊಳೆ ಕಿತ್ತು, ಮಡಚಿ, ಚೀಲಕ್ಕೆ ಹಾಕಿಕೊಂಡೆ. ಅವರು ಬೇಡ ಅನ್ನಲಿಲ್ಲ.

ಅಕ್ಕನ ಮನೆ ಆಚೆಯ ಓಣಿಯಲ್ಲಿ. ಹೊಸ್ತಿಲ ಮೇಲೆ ಕೂತು ತೊಗರಿ ಹಸನು ಮಾಡುತ್ತಿದ್ದಳು. ಇಬ್ಬರು ಜೊತೆಗಾರ್ತಿಯರು ಹತ್ತಿ ಬಿಡಿಸಲು ಹೋಗುತ್ತಿದ್ದಾರೆ ಎಂದಳು. ತನಗೆ ಬೆನ್ನು ಬಗ್ಗುವುದಿಲ್ಲ, ನೋಡಬೇಕು ಎಂದಳು. ಅಂಗಳದ ಕೋಳಿಗೂಡು ಖಾಲಿ ಇತ್ತು. ನಾನು ಭರಣಿ ತೋರಿಸಿದೆ. ಆಕೆ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು.

"ಬಲ್ಬು ಹಚ್ಚಿದ್ದಕ ಹುಟ್ಯಾವ. ಕುಕ್ಕರಿನ ಬಾಜೂಕ ಇಟ್ಟಿದ್ರ ಎರಡು ದಿನ ಮೊದಲ ಹುಟ್ಟತಿದ್ದವು."

ಇರಬಹುದು. ನಾನು ಇವತ್ತಿಗೂ ಅದನ್ನು ಲೆಕ್ಕ ಹಾಕುತ್ತೇನೆ.

ಮುಚ್ಚಳ ತೆಗೆದು ಅಂಗಳದಲ್ಲಿ ನೊಣಗಳನ್ನು ಬಿಟ್ಟಳು. ಕೆಲವು ಹಾರಿದವು, ಕೆಲವು ಅಲ್ಲೇ ಗೋಡೆಗೆ ಕೂತವು. ಅದು ಮಣ್ಣಿನ ಗೋಡೆ. ಅದರ ಮೇಲೆ ಅವುಗಳ ನಡು ಸಣ್ಣದಾಗಿ ಕಾಣಲೇ ಇಲ್ಲ. ನೊಣ ನೊಣದಂತೆಯೇ ಕಂಡಿತು.

ಸ್ಟೀಲಿನ ಡಬ್ಬಿಯನ್ನು ತೊಳೆದು ತಂದಿದ್ದೆ. ಕೊಟ್ಟೆ. ಆಕೆ ಸೆರಗಿನಿಂದ ಒಳಗೆ ಒಮ್ಮೆ ಒರೆಸಿ, ಪಕ್ಕದ ಚೀಲದಿಂದ ಅಕ್ಕಿ ಅಳೆಯಲು ಶುರು ಮಾಡಿದಳು. ನಾನು ಎದ್ದೆ, ಚಪ್ಪಲಿ ಮೆಟ್ಟಿದೆ, ಮತ್ತೆ ನಿಂತೆ. ಎರಡನೆಯ ಚೀಟಿಯಲ್ಲಿ ಬರೆಯದ ಒಂದು ಸಾಲು ಉಳಿದಿತ್ತು. ಅದನ್ನು ತಪ್ಪೊಪ್ಪಿಗೆಯಾಗಿ ಹೇಳುವ ಧೈರ್ಯ ಬರಲಿಲ್ಲ, ನನಗೆ ರೂಢಿಯಿರುವಂತೆ ಪ್ರಶ್ನೆಯಾಗಿ ಬಂತು. ಆಕೆ ಅಳೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು, ಮತ್ತೆ ಡಬ್ಬಿ ತುಂಬಿಸಿದಳು. ನಾನು ಕೇಳಿದ್ದು ಇಷ್ಟೇ:

"ಅಕ್ಕಾ, ಫೋನಿನ್ಯಾಗ ನಿಮ್ಮ ಮಾತು ಕೇಳಿಸಲಿಲ್ಲ ಅಂದೆನಲ್ಲ, ಅದು ಸುಳ್ಳು ಅಂತ ನಿಮಗ ಅವತ್ತೇ ಗೊತ್ತಾಗಿತ್ತೇನು?"